ಬಿಸಿನೆಸ್ ಸಾಫ್ಟ್‌ವೇರ್‌ಗೆ ನಿಮ್ಮದೇ ಮೇಲ್ ಸರ್ವರ್ ಜೋಡಿಸುವುದು ಹೇಗೆ?

ಪ್ರತಿ ಇನ್‌ವಾಯ್ಸ್ ಮುಂದೆಯೂ ಹಸಿರು ಬಣ್ಣದಲ್ಲಿ "ಮೇಲ್ ಕಳಿಸಲಾಗಿದೆ" ಅಂತ ಇತ್ತು. ಆರು ವಾರ ಕಾದು, ಗ್ರಾಹಕರೊಬ್ಬರಿಗೆ ಫೋನ್ ಮಾಡಿ "ಹಣ ಇನ್ನೂ ಬಂದಿಲ್ಲವಲ್ಲ ಸರ್" ಎಂದೆ. "ನೀವು ಬಿಲ್ಲೇ ಕಳಿಸಿಲ್ಲವಲ್ಲ" ಎಂದರು ಅವರು. ಹುಡುಕಿಸಿ ನೋಡಿದರೆ ಇತ್ತೀಚಿನ ಬಿಲ್‌ಗಳು ಅವರ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿದ್ದವು. ಹಳೆಯವು ಅಲ್ಲೂ ಇರಲಿಲ್ಲ, ಏಕೆಂದರೆ ಆ ಫೋಲ್ಡರ್ 30 ದಿನಕ್ಕೊಮ್ಮೆ ಹಳೆಯದನ್ನು ತಾನೇ ಅಳಿಸುತ್ತಿತ್ತು. ನಮ್ಮ ಸಾಫ್ಟ್‌ವೇರ್ ಸುಳ್ಳು ಹೇಳಿರಲಿಲ್ಲ. ಮೇಲ್ ತನ್ನ ಕೈಯಿಂದ ಹೊರಟಿತು ಎಂದಷ್ಟೇ ಅದು ಹೇಳಿತ್ತು. ತಲುಪಿತು ಎಂದು ಓದಿಕೊಂಡವರು ನಾವು.

ಅಂದಿನಿಂದ ಯಾವ ಕಂಪನಿಗೆ ಅಕೌಂಟಿಂಗ್, ಇಆರ್‌ಪಿ (ಕಂಪನಿಯ ಎಲ್ಲ ವ್ಯವಹಾರವನ್ನೂ ಒಂದೇ ಕಡೆ ನೋಡಿಕೊಳ್ಳುವುದು) ಅಥವಾ ಸಿಆರ್‌ಎಂ (ಗ್ರಾಹಕರ ವಿವರ ನೋಡಿಕೊಳ್ಳುವುದು) ಸಾಫ್ಟ್‌ವೇರ್ ಹಾಕಿಕೊಟ್ಟರೂ ಮೇಲ್ ಕೆಲಸಕ್ಕೆ ಒಂದು ಪೂರ್ತಿ ದಿನ ಬೇರೆಯಾಗಿ ಇಟ್ಟುಕೊಳ್ಳುತ್ತೇನೆ. ಸೆಟ್ಟಿಂಗ್ಸ್ ಪುಟದಲ್ಲಿ ಇರುವುದು ಐದಾರು ಖಾನೆ. ತುಂಬಲು ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷದ ಹಿಂದೆ ಮತ್ತು ಮುಂದೆ ಮಾಡಬೇಕಾದ ಕೆಲಸವೇ ಜಾಸ್ತಿ. ಅದನ್ನು ಮಾಡುವ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ.

ಮೊದಲು ಒಂದು ವಿಷಯ ತಿಳಿದಿರಲಿ: ಎರಡು "ಇಂದ"ಗಳು

ಶಾಲೆಯಲ್ಲಿ ಪತ್ರ ಬರೆಯುವುದನ್ನು ಕಲಿತಾಗ ಎಡಗಡೆ "ಇಂದ" ಅಂತ ಬರೆದು ನಮ್ಮ ವಿಳಾಸ, "ಗೆ" ಅಂತ ಬರೆದು ಅವರ ವಿಳಾಸ ಹಾಕುತ್ತಿದ್ದೆವು, ಅಲ್ವಾ? ಆಮೇಲೆ ಅದನ್ನು ಕವರ್‌ಗೆ ಹಾಕಿ, ಕವರ್ ಮೇಲೆ ಮತ್ತೆ ಎರಡೂ ವಿಳಾಸ ಬರೆಯುತ್ತಿದ್ದೆವು. ಇಮೇಲ್ ಕೂಡ ಹಾಗೇ. ಎಸ್‌ಎಂಟಿಪಿ ಎಂಬ ಮೇಲ್ ಸಾಗಿಸುವ ಪದ್ಧತಿ 1982ರಲ್ಲಿ ಬರೆದದ್ದು. ಅದರಲ್ಲಿ ಕವರ್ ಮೇಲಿನ "ಇಂದ" ಬೇರೆ, ಒಳಗಿನ ಪತ್ರದ "ಇಂದ" ಬೇರೆ. ಓದುವವರ ಕಣ್ಣಿಗೆ ಕಾಣುವುದು ಒಳಗಿನದು ಮಾತ್ರ. ಮೇಲ್ ತಲುಪದಿದ್ದರೆ ವಾಪಸ್ ಬರುವುದು ಕವರ್ ಮೇಲಿನ ವಿಳಾಸಕ್ಕೆ. ಅದನ್ನು ರಿಟರ್ನ್ ಪಾತ್ ಎನ್ನುತ್ತಾರೆ.

ಈ ಎರಡೂ ಒಂದೇ ಆಗಿರಬೇಕು ಎಂದು ಆ ಪದ್ಧತಿಯಲ್ಲಿ ಎಲ್ಲೂ ಕಟ್ಟುಪಾಡಿಲ್ಲ. ಯಾರು ಬೇಕಾದರೂ ಯಾರ ಹೆಸರನ್ನಾದರೂ ಬರೆದು ಕಳಿಸಬಹುದಿತ್ತು. ಮೋಸದ ಮೇಲ್‌ಗಳಿಗೆ ದಾರಿಯಾದದ್ದು ಇದೇ. ಹಾಗಾಗಿ ಈಗ ಮೇಲ್ ಪಡೆಯುವ ಸರ್ವರ್‌ಗಳು ಒಂದೇ ಪ್ರಶ್ನೆಯನ್ನು ಹಲವು ರೀತಿಯಲ್ಲಿ ಕೇಳುತ್ತವೆ: ಈ ಹೆಸರಿನಲ್ಲಿ ಕಳಿಸಲು ನಿನಗೆ ಅನುಮತಿ ಕೊಟ್ಟವರು ಯಾರು?

ನಮ್ಮ ಕತೆಯಲ್ಲಿ ಆಗಿದ್ದೂ ಇದೇ. ಸಾಫ್ಟ್‌ವೇರ್ ತನ್ನ ಜೊತೆಗೇ ಬಂದ ಸರ್ವರ್‌ನಿಂದ ಮೇಲ್ ಕಳಿಸುತ್ತಿತ್ತು. ಒಳಗೆ ನಮ್ಮ ಹೆಸರು, ಕವರ್ ಮೇಲೆ ಬೇರೆ ಯಾರದೋ ಹೆಸರು. ಅನುಮತಿ ಎಲ್ಲೂ ಬರೆದಿರಲಿಲ್ಲ. ಈ ಒಂದು ಚಿತ್ರ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಹೆಜ್ಜೆ 1: ಯಾವ ಸರ್ವರ್?

ಮೂರು ದಾರಿ ಇವೆ. ಕಂಪನಿಯ ಮೇಲ್ ಆಗಲೇ ಗೂಗಲ್ ವರ್ಕ್‌ಸ್ಪೇಸ್ ಅಥವಾ ಮೈಕ್ರೋಸಾಫ್ಟ್ 365ರಲ್ಲಿ ಇದ್ದರೆ, ಅದರಿಂದಲೇ ಸಾಫ್ಟ್‌ವೇರ್ ಕೂಡ ಕಳಿಸಬಹುದು. ದಿನಕ್ಕೆ ನೂರಿನ್ನೂರು ಇನ್‌ವಾಯ್ಸ್, ಒಂದಿಷ್ಟು ಕೊಟೇಶನ್, ಪಾಸ್‌ವರ್ಡ್ ಬದಲಿಸುವ ಮೇಲ್ ಇಷ್ಟೇ ಇದ್ದರೆ ಇದು ಸಾಕು. ಮಿತಿ ಗೊತ್ತಿರಲಿ. ವರ್ಕ್‌ಸ್ಪೇಸ್‌ನ ಒಂದು ಖಾತೆಯಿಂದ ದಿನಕ್ಕೆ 2,000 ಮೇಲ್ ಹೋಗಬಹುದು. ಮೈಕ್ರೋಸಾಫ್ಟ್ 365ರಲ್ಲಿ ದಿನಕ್ಕೆ 10,000 ಜನರಿಗೆ, ಆದರೆ ನಿಮಿಷಕ್ಕೆ 30 ಮೇಲ್ ಮಾತ್ರ. ತಿಂಗಳ ಮೊದಲ ದಿನ ಎಲ್ಲ ಇನ್‌ವಾಯ್ಸ್‌ಗಳನ್ನೂ ಒಟ್ಟಿಗೆ ಕಳಿಸುವವರಿಗೆ ಈ ನಿಮಿಷದ ಮಿತಿಯೇ ಮೊದಲು ತಡೆಯುತ್ತದೆ.

ಎರಡನೆಯದು, ಮೇಲ್ ಕಳಿಸುವುದನ್ನೇ ಕಸುಬಾಗಿ ಮಾಡುವ ರಿಲೇ ಸೇವೆ. ಅಮೆಜಾನ್ ಎಸ್‌ಇಎಸ್, ಮೇಲ್‌ಗನ್, ಸೆಂಡ್‌ಗ್ರಿಡ್, ಪೋಸ್ಟ್‌ಮಾರ್ಕ್, ಬ್ರೆವೊ ಇಂಥವು. ಮೇಲ್ ಜಾಸ್ತಿ ಇದ್ದರೆ, ಯಾವುದು ತಲುಪಿತು, ಯಾವುದು ವಾಪಸ್ ಬಂತು ಎಂಬ ಲೆಕ್ಕ ಬೇಕಿದ್ದರೆ ಇದು ಒಳ್ಳೆಯದು. ಎಸ್‌ಇಎಸ್‌ನಲ್ಲಿ ಹೊಸ ಖಾತೆಗಳು ಮೊದಲು ಸ್ಯಾಂಡ್‌ಬಾಕ್ಸ್‌ನಲ್ಲಿ ಇರುತ್ತವೆ. 24 ಗಂಟೆಗೆ 200 ಮೇಲ್ ಮಾತ್ರ, ಅದೂ ನೀವು ಮೊದಲೇ ದೃಢಪಡಿಸಿದ ವಿಳಾಸಗಳಿಗೆ ಮಾತ್ರ. ಇದರಿಂದ ಹೊರಬರಲು ಅರ್ಜಿ ಹಾಕಬೇಕು. ಸಾಫ್ಟ್‌ವೇರ್ ಶುರುಮಾಡುವ ಹಿಂದಿನ ದಿನ ಇದು ನೆನಪಾದರೆ ಕಷ್ಟ. ವಾರ ಮುಂಚೆಯೇ ಅರ್ಜಿ ಹಾಕಿಬಿಡಿ.

ಮೂರನೆಯದು, ನಿಮ್ಮದೇ ಯಂತ್ರದಲ್ಲಿ ಪೋಸ್ಟ್‌ಫಿಕ್ಸ್‌ನಂಥ ತಂತ್ರಾಂಶ ಹಾಕಿ ನೇರವಾಗಿ ಲೋಕಕ್ಕೆಲ್ಲ ಮೇಲ್ ಕಳಿಸುವುದು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಅದನ್ನು ದಿನಾ ನೋಡಿಕೊಳ್ಳುವ ಮನುಷ್ಯ ನಿಮ್ಮಲ್ಲಿ ಇಲ್ಲದಿದ್ದರೆ ಈ ದಾರಿ ಬೇಡ. ಹಾಕುವುದು ಕಷ್ಟವಲ್ಲ. ಆದರೆ ಹೊಸ ಐಪಿ ವಿಳಾಸಕ್ಕೆ (ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಒಳ್ಳೆಯ ಹೆಸರು ಬರಲು ವಾರಗಟ್ಟಲೆ ಬೇಕು. ಕೆಡಲು ಒಂದು ರಾತ್ರಿ ಸಾಕು. ಅಮೆಜಾನ್, ಗೂಗಲ್, ಅಜೂರ್‌ನಂಥ ಹಲವು ಕ್ಲೌಡ್‌ಗಳು ಹೊರಹೋಗುವ 25ನೇ ಪೋರ್ಟನ್ನು, ಅಂದರೆ ಸರ್ವರ್‌ಗಳು ಒಂದಕ್ಕೊಂದು ಮೇಲ್ ದಾಟಿಸುವ ಬಾಗಿಲನ್ನು, ಮೊದಲಿನಿಂದಲೇ ಮುಚ್ಚಿರುತ್ತವೆ ಅಥವಾ ಬಿಗಿ ಮಾಡಿರುತ್ತವೆ. ಐಪಿಯಿಂದ ಹೆಸರು ಹುಡುಕಿದರೆ ನಿಮ್ಮ ಸರ್ವರ್ ಹೆಸರೇ ಸಿಗುವಂತೆ ಪಿಟಿಆರ್ ದಾಖಲೆ ಇರಬೇಕು. ಅದನ್ನು ನಿಮ್ಮ ಡೊಮೇನ್ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಪ್ಯಾನೆಲ್‌ನಲ್ಲಿ ಹಾಕಲು ಆಗುವುದಿಲ್ಲ, ಐಪಿ ಕೊಟ್ಟವರೇ ಹಾಕಿಕೊಡಬೇಕು. ಪರಿಚಯವಿಲ್ಲದವರೂ ನಿಮ್ಮ ಸರ್ವರ್ ಮೂಲಕ ಮೇಲ್ ಕಳಿಸುವಂತೆ ಬಾಗಿಲು ತೆರೆದುಬಿಟ್ಟರೆ ಬೇಗನೆ ಕಪ್ಪುಪಟ್ಟಿ ಸೇರುತ್ತೀರಿ.

ಮಧ್ಯದ ದಾರಿಯೊಂದಿದೆ, ನನಗೆ ಇಷ್ಟವಾದದ್ದು. ಸಾಫ್ಟ್‌ವೇರ್ ಇರುವ ಯಂತ್ರದಲ್ಲೇ ಪೋಸ್ಟ್‌ಫಿಕ್ಸ್ ಹಾಕಿ, ಹೊರಗಿನವರಿಗೆ ಬಾಗಿಲು ಮುಚ್ಚಿ, ಎಲ್ಲ ಮೇಲನ್ನೂ ರಿಲೇ ಸೇವೆಗೆ ದಾಟಿಸುವಂತೆ ರಿಲೇಹೋಸ್ಟ್ ಸೆಟ್ ಮಾಡುವುದು. ಇಂಟರ್ನೆಟ್ ಅರ್ಧ ಗಂಟೆ ಹೋದರೂ ಮೇಲ್‌ಗಳು ಸರದಿಯಲ್ಲಿ ಕಾಯುತ್ತವೆ. ಪೋಸ್ಟ್‌ಫಿಕ್ಸ್ ಮೊದಲಿನಿಂದಲೇ 5 ದಿನದವರೆಗೆ ಮತ್ತೆ ಮತ್ತೆ ಪ್ರಯತ್ನಿಸುವಂತೆ ಸಿದ್ಧವಾಗಿರುತ್ತದೆ.

ಹೆಜ್ಜೆ 2: ಯಾವ ವಿಳಾಸದಿಂದ?

ಸಾಫ್ಟ್‌ವೇರ್‌ಗೆಂದೇ ಒಂದು ಬೇರೆ ಮೇಲ್ ಖಾತೆ ಮಾಡಿ. ಯಾರೋ ಒಬ್ಬ ನೌಕರರ ಸ್ವಂತ ಖಾತೆ ಮತ್ತು ಪಾಸ್‌ವರ್ಡ್ ಹಾಕಬೇಡಿ. ಅವರು ಕೆಲಸ ಬಿಟ್ಟ ದಿನ ಖಾತೆ ಮುಚ್ಚುತ್ತಾರೆ, ಮರುದಿನದಿಂದ ಕಂಪನಿಯ ಒಂದು ಇನ್‌ವಾಯ್ಸೂ ಹೋಗುವುದಿಲ್ಲ. ಅದು ಗೊತ್ತಾಗುವಷ್ಟರಲ್ಲಿ ವಾರ ಕಳೆದಿರುತ್ತದೆ.

ಜಿಮೇಲ್ ಅಥವಾ ಯಾಹೂ ಹೆಸರಿನ ಉಚಿತ ವಿಳಾಸವನ್ನು "ಇಂದ" ಖಾನೆಯಲ್ಲಿ ಹಾಕಿ ಬೇರೆ ಸರ್ವರ್‌ನಿಂದ ಕಳಿಸುವುದಂತೂ ಬೇಡವೇ ಬೇಡ. ಆ ಡೊಮೇನ್ ನಿಮ್ಮದಲ್ಲ, ಅದರಲ್ಲಿ ಅನುಮತಿ ಬರೆಯಲು ನಿಮಗೆ ಆಗುವುದಿಲ್ಲ. ಕಂಪನಿಗೆ ಸ್ವಂತ ಡೊಮೇನ್ ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ.

ಉತ್ತರ ಬರೆದರೂ ಯಾರೂ ಓದದ "ನೋ ರಿಪ್ಲೈ" ವಿಳಾಸಗಳನ್ನು ನಾನು ಇಷ್ಟಪಡುವುದಿಲ್ಲ. ಬಿಲ್ ಪಡೆದವರು "ಈ ಸಾಲಿನಲ್ಲಿ ತಪ್ಪಿದೆ" ಎಂದು ಅಲ್ಲೇ ಉತ್ತರಿಸುವುದು ಸಹಜ. ಆ ಉತ್ತರ ಯಾರಾದರೂ ನೋಡುವ ಪೆಟ್ಟಿಗೆಗೆ ಬರಲಿ. ಪ್ರಚಾರದ ಮೇಲ್‌ಗಳನ್ನು ಮಾತ್ರ ಬೇರೆ ಸಬ್‌ಡೊಮೇನ್‌ನಿಂದ ಕಳಿಸಿ. ಜಾಹೀರಾತು ನೋಡಿ ಬೇಸತ್ತ ಯಾರೋ "ಸ್ಪ್ಯಾಮ್" ಗುಂಡಿ ಒತ್ತಿದರೆ ಅದರ ಪೆಟ್ಟು ನಿಮ್ಮ ಇನ್‌ವಾಯ್ಸ್‌ಗಳಿಗೆ ಬೀಳಬಾರದು.

ಹೆಜ್ಜೆ 3: ಡಿಎನ್‌ಎಸ್‌ನಲ್ಲಿ ಅನುಮತಿ ಬರೆಯುವುದು

ಡಿಎನ್‌ಎಸ್ ಅಂದರೆ ಒಂದು ಡೊಮೇನ್ ಬಗ್ಗೆ ಯಾರು ಬೇಕಾದರೂ ನೋಡಬಹುದಾದ, ಅದರ ಒಡೆಯರು ಮಾತ್ರ ಬರೆಯಬಹುದಾದ ದಾಖಲೆ ಪುಸ್ತಕ. ಇಡೀ ಕೆಲಸದ ಜೀವ ಇಲ್ಲಿದೆ. ಇಲ್ಲಿ ಅವಸರ ಬೇಡ. ಮೂರು ದಾಖಲೆ ಬೇಕು: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಮೂರೂ ಡಿಎನ್‌ಎಸ್‌ನಲ್ಲಿ ಟೆಕ್ಸ್ಟ್ ದಾಖಲೆಗಳಾಗಿ ಕೂರುತ್ತವೆ. ಡಿಕಿಮ್‌ಗೆ ಕೆಲವು ಸೇವೆಗಳು ಸಿನೇಮ್ ದಾಖಲೆ ("ಇದನ್ನು ಆ ಹೆಸರಿನಲ್ಲಿ ನೋಡಿ" ಎಂದು ಕೈ ತೋರಿಸುವುದು) ಕೊಡುತ್ತವೆ, ಅದೂ ಸರಿಯೇ.

ಎಸ್‌ಪಿಎಫ್ ಅಂದರೆ, "ನಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳು ಇವು" ಎಂಬ ಪಟ್ಟಿ. ಇದು ನೋಡುವುದು ಕವರ್ ಮೇಲಿನ "ಇಂದ" ವಿಳಾಸದ ಡೊಮೇನನ್ನು. ಇಲ್ಲಿ ಜನ ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಗೂಗಲ್‌ನದು ಒಂದು ಇತ್ತು ಎಂದುಕೊಳ್ಳಿ. ರಿಲೇ ಸೇವೆಯವರು ಕೊಟ್ಟದ್ದನ್ನು ಎರಡನೇ ದಾಖಲೆಯಾಗಿ ಸೇರಿಸಿದರೆ ಎರಡೂ ಕೆಲಸ ಮಾಡುವುದಿಲ್ಲ. ಪರೀಕ್ಷೆ ಅಲ್ಲೇ ಸೋಲುತ್ತದೆ. ಹಳೆಯ ಸಾಲಿನ ಒಳಗೇ ಹೊಸ ಇನ್‌ಕ್ಲೂಡ್ ("ಈ ಸೇವೆಯ ಪಟ್ಟಿಯನ್ನೂ ಸೇರಿಸಿಕೊಳ್ಳಿ" ಎನ್ನುವ ಪದ) ಸೇರಿಸಬೇಕು. ಇನ್ನೊಂದು, ಈ ಸಾಲನ್ನು ಬಿಡಿಸಿ ನೋಡಲು ಮಾಡುವ ಡಿಎನ್‌ಎಸ್ ಹುಡುಕಾಟ ಒಟ್ಟು 10 ದಾಟಬಾರದು. ಒಂದು ಇನ್‌ಕ್ಲೂಡ್ ಒಳಗೆ ಇನ್ನೂ ಮೂರು ನಾಲ್ಕು ಅಡಗಿರಬಹುದು, ಅವೂ ಲೆಕ್ಕಕ್ಕೆ ಬರುತ್ತವೆ. ಐದು ವರ್ಷದ ಹಿಂದೆ ಬಿಟ್ಟ ಸೇವೆಗಳ ಹೆಸರು ಇನ್ನೂ ಇದ್ದರೆ ತೆಗೆದುಹಾಕಿ.

ಸಾಲಿನ ಕೊನೆಯಲ್ಲಿ ಬರುವ "ಆಲ್" ಪದದ ಹಿಂದಿನ ಗುರುತು ಮುಖ್ಯ. ಟಿಲ್ಡ್ (~) ಇದ್ದರೆ "ಪಟ್ಟಿಯಲ್ಲಿ ಇಲ್ಲದವರನ್ನು ಅನುಮಾನದಿಂದ ನೋಡಿ" ಎಂದು, ಮೈನಸ್ ಇದ್ದರೆ "ಪಟ್ಟಿಯಲ್ಲಿ ಇಲ್ಲದವರು ನಮ್ಮವರಲ್ಲ" ಎಂದು ಅರ್ಥ. ಟಿಲ್ಡ್‌ನಿಂದ ಶುರುಮಾಡಿ. ಪ್ಲಸ್ ಹಾಕಿದರೆ ಲೋಕದಲ್ಲಿ ಯಾರು ಬೇಕಾದರೂ ನಿಮ್ಮ ಹೆಸರು ಬಳಸಬಹುದು ಎಂದು ನೀವೇ ಬರೆದುಕೊಟ್ಟಂತೆ.

ಡಿಕಿಮ್ ಅಂದರೆ ಸಹಿ. ಕಳಿಸುವ ಸರ್ವರ್ ತನ್ನ ಗುಟ್ಟಿನ ಕೀಲಿಯಿಂದ ಪ್ರತಿ ಮೇಲ್‌ಗೂ ಸಹಿ ಹಾಕುತ್ತದೆ. ಅದರ ಜೋಡಿ ಕೀಲಿಯನ್ನು ನೀವು ಡಿಎನ್‌ಎಸ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತೀರಿ. ಪಡೆದವರು ಎರಡನ್ನೂ ತಾಳೆ ನೋಡುತ್ತಾರೆ. ಎಸ್‌ಪಿಎಫ್ ಒಂದೇ ಸಾಲದು ಎನ್ನಲು ಒಳ್ಳೆಯ ಕಾರಣವಿದೆ. ನಿಮ್ಮ ಗ್ರಾಹಕರು ತಮ್ಮ ಮೇಲನ್ನು ಬೇರೆ ಪೆಟ್ಟಿಗೆಗೆ ಫಾರ್ವರ್ಡ್ ಆಗುವಂತೆ ಇಟ್ಟುಕೊಂಡಿದ್ದರೆ, ಮೇಲ್ ಕೊನೆಗೆ ತಲುಪುವುದು ಅವರ ಸರ್ವರ್‌ನಿಂದ. ಆಗ ಎಸ್‌ಪಿಎಫ್ ಸೋಲುತ್ತದೆ. ಸಹಿ ಮಾತ್ರ ಮೇಲ್ ಜೊತೆಗೇ ಹೋಗುತ್ತದೆ, ದಾರಿಯಲ್ಲಿ ಯಾರೂ ತಿದ್ದದಿದ್ದರೆ ಉಳಿಯುತ್ತದೆ.

ಕೀಲಿ 2048 ಬಿಟ್ ಇರಲಿ. ಅಷ್ಟು ಉದ್ದದ ಕೀಲಿ ಡಿಎನ್‌ಎಸ್‌ನ ಒಂದು ತುಂಡಿನಲ್ಲಿ ಹಿಡಿಯುವುದಿಲ್ಲ, ಏಕೆಂದರೆ ಒಂದು ತುಂಡಿಗೆ 255 ಅಕ್ಷರ ಮಿತಿ. ಹೆಚ್ಚಿನ ಪ್ಯಾನೆಲ್‌ಗಳು ತಾವೇ ತುಂಡು ಮಾಡಿಕೊಳ್ಳುತ್ತವೆ. ಕೆಲವು ಮಾಡುವುದಿಲ್ಲ, ಅರ್ಧ ಕೀಲಿ ನುಂಗಿ ಸುಮ್ಮನಾಗುತ್ತವೆ. ಅಲ್ಲಿ ನೀವೇ ಎರಡು ಉದ್ಧರಣ ಚಿಹ್ನೆಗಳ ಜೋಡಿಯೊಳಗೆ ಒಡೆದು ಹಾಕಬೇಕು.

ಇನ್ನೊಂದು ತಪ್ಪು ನನಗೆ ಎಷ್ಟು ಸಲ ಸಿಕ್ಕಿದೆಯೆಂದರೆ, ಈಗ ಮೊದಲು ಅದನ್ನೇ ನೋಡುತ್ತೇನೆ. ಡಿಕಿಮ್ ದಾಖಲೆಯ ಹೆಸರು ಸೆಲೆಕ್ಟರ್‌ನಿಂದ (ಯಾವ ಕೀಲಿ ಎಂದು ಗುರುತಿಸುವ ಪದ) ಶುರುವಾಗಿ, ಚುಕ್ಕಿ, ಅಂಡರ್‌ಸ್ಕೋರ್ ಇರುವ ಡೊಮೇನ್‌ಕೀ, ಮತ್ತೆ ಚುಕ್ಕಿ, ಕೊನೆಗೆ ನಿಮ್ಮ ಡೊಮೇನ್ ಎಂದು ಇರುತ್ತದೆ. ಅಷ್ಟನ್ನೂ ಹಾಗೇ ಕಾಪಿ ಮಾಡಿ ಹೆಸರಿನ ಖಾನೆಗೆ ಅಂಟಿಸಿದರೆ, ಪ್ಯಾನೆಲ್ ತನ್ನ ಪಾಡಿಗೆ ಕೊನೆಯಲ್ಲಿ ಡೊಮೇನನ್ನು ಇನ್ನೊಮ್ಮೆ ಸೇರಿಸುತ್ತದೆ. ಡೊಮೇನ್ ಎರಡು ಸಲ ಬಂದ ಆ ಹೆಸರಿನಲ್ಲಿ ಯಾರೂ ಯಾವತ್ತೂ ಹುಡುಕುವುದಿಲ್ಲ. ಪ್ಯಾನೆಲ್‌ನಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ದಾಖಲೆ ಹಾಕಿದ ಮೇಲೆ ಹೊರಗಿನಿಂದ, ಡಿಗ್ ಅಥವಾ ಎನ್‌ಎಸ್‌ಲುಕಪ್ ಎಂಬ ಡಿಎನ್‌ಎಸ್ ಹುಡುಕುವ ಕಮಾಂಡ್ ಬಳಸಿ ಹುಡುಕಿ ನೋಡಿ. ಅಲ್ಲಿ ಸಿಕ್ಕರೆ ಮಾತ್ರ ಸಿಕ್ಕಂತೆ.

ಇನ್ನು ಡಿಮಾರ್ಕ್. ಎರಡು "ಇಂದ"ಗಳನ್ನು ಒಂದಕ್ಕೊಂದು ಗಂಟುಹಾಕುವುದು ಇದೇ. ಎಸ್‌ಪಿಎಫ್ ಪಾಸ್ ಆದ ಡೊಮೇನ್ ಅಥವಾ ಡಿಕಿಮ್ ಸಹಿಯ ಡೊಮೇನ್, ಎರಡರಲ್ಲಿ ಒಂದಾದರೂ ಓದುವವರ ಕಣ್ಣಿಗೆ ಕಾಣುವ "ಇಂದ" ಡೊಮೇನ್ ಜೊತೆ ಹೊಂದಬೇಕು ಎನ್ನುತ್ತದೆ ಡಿಮಾರ್ಕ್. ರಿಲೇ ಸೇವೆ ಕವರ್ ಮೇಲೂ ಸಹಿಯಲ್ಲೂ ತನ್ನದೇ ಡೊಮೇನ್ ಬಳಸುತ್ತಿದ್ದರೆ ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಆದರೂ ಡಿಮಾರ್ಕ್ ಫೇಲ್. ಇದನ್ನು ಮೊದಲ ಸಲ ನೋಡಿದವರಿಗೆ ತಲೆ ಕೆಡುತ್ತದೆ. ಮದ್ದು ಸರಳ: ರಿಲೇ ಸೇವೆಯ ಪ್ಯಾನೆಲ್‌ನಲ್ಲಿ ನಿಮ್ಮ ಡೊಮೇನನ್ನು ದೃಢಪಡಿಸಿ, ಸಹಿ ನಿಮ್ಮ ಹೆಸರಿನಲ್ಲೇ ಬೀಳುವಂತೆ ಮಾಡಿ.

ಡಿಮಾರ್ಕ್ ಅನ್ನು ಮೊದಲು "ನನ್" (none) ಎಂಬ ನೀತಿಯಲ್ಲಿ ಇಡಿ. ಯಾವ ಮೇಲನ್ನೂ ತಡೆಯಬೇಡಿ, ವರದಿ ಮಾತ್ರ ಕಳಿಸಿ ಎಂದು ಅರ್ಥ. ವರದಿ ಬರುವ ವಿಳಾಸವನ್ನೂ ಅದರಲ್ಲೇ ಬರೆಯಿರಿ. ಸಾಮಾನ್ಯವಾಗಿ ದಿನಕ್ಕೊಂದರಂತೆ ವರದಿಗಳು ಬರುತ್ತವೆ. ಅವು ಎಕ್ಸ್‌ಎಂಎಲ್ ಫೈಲ್‌ಗಳು, ಓದಲು ಚೆನ್ನಾಗಿಲ್ಲ, ಆದರೂ ಓದಿ. ನಿಮ್ಮ ಹೆಸರಿನಲ್ಲಿ ಎಲ್ಲೆಲ್ಲಿಂದ ಮೇಲ್ ಹೋಗುತ್ತಿದೆ ಎಂದು ಮೊದಲ ಬಾರಿಗೆ ಕಾಣುತ್ತದೆ. ಮರೆತೇಹೋಗಿದ್ದ ವೆಬ್‌ಸೈಟ್ ಫಾರ್ಮ್, ಮಹಡಿ ಮೇಲಿನ ಸ್ಕ್ಯಾನರ್, ಸಂಬಳದ ಚೀಟಿ ಕಳಿಸುವ ಇನ್ನೊಂದು ಸಾಫ್ಟ್‌ವೇರ್ ಎಲ್ಲ ಅಲ್ಲಿ ಸಿಗುತ್ತವೆ. ಅವನ್ನೆಲ್ಲ ಸರಿಮಾಡಿದ ಮೇಲೆ ನೀತಿಯನ್ನು "ಕ್ವಾರಂಟೈನ್"ಗೆ, ಆಮೇಲೆ "ರಿಜೆಕ್ಟ್"ಗೆ ಏರಿಸಿ. ಮೊದಲ ದಿನವೇ ರಿಜೆಕ್ಟ್ ಹಾಕಿದರೆ ನಿಮ್ಮದೇ ಸಂಬಳದ ಚೀಟಿಗಳು ವಾಪಸ್ ಬಂದಾವು.

ಇದೆಲ್ಲ ದೊಡ್ಡ ಕಂಪನಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿದವು. ಜಿಮೇಲ್‌ಗೆ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕೇ ಬೇಕು. ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರಿಗೆ ಮೂರೂ ಬೇಕು. ಸ್ಪ್ಯಾಮ್ ದೂರು ಶೇ. 0.3ಕ್ಕಿಂತ ಕೆಳಗೆ ಇರಬೇಕು, ಅಂದರೆ ಸಾವಿರ ಮೇಲ್‌ಗೆ ಮೂರು ದೂರು ಬಂದರೂ ಅಪಾಯ. ನೀವು ಕಳಿಸುವುದು ಇಪ್ಪತ್ತೇ ಇರಲಿ, ಮೂರನ್ನೂ ಹಾಕಿಬಿಡಿ.

ಹೆಜ್ಜೆ 4: ಖಾನೆಗಳನ್ನು ತುಂಬುವುದು

ಈಗ ಸಾಫ್ಟ್‌ವೇರ್ ತೆರೆಯಿರಿ. ಓಡೂ ಎಂಬ ಇಆರ್‌ಪಿಯಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಸೆಟ್ಟಿಂಗ್ಸ್‌ನ ಟೆಕ್ನಿಕಲ್ ಮೆನುವಿನಲ್ಲಿ ಔಟ್‌ಗೋಯಿಂಗ್ ಮೇಲ್ ಸರ್ವರ್ಸ್ ಎಂದು ಸಿಗುತ್ತದೆ. ಇಆರ್‌ಪಿನೆಕ್ಸ್ಟ್ ಎಂಬ ಇನ್ನೊಂದರಲ್ಲಿ ಇಮೇಲ್ ಅಕೌಂಟ್ ಎಂದು ಇರುತ್ತದೆ. ಬೇರೆಯವುಗಳಲ್ಲೂ ಹೆಸರು ಬೇರೆ, ಖಾನೆ ಅವೇ.

ಸರ್ವರ್ ಹೆಸರಿನ ಖಾನೆಯಲ್ಲಿ ಸೇವೆಯವರು ಕೊಟ್ಟ ಹೆಸರನ್ನೇ ಹಾಕಿ, ಐಪಿ ಸಂಖ್ಯೆ ಹಾಕಬೇಡಿ. ಸರ್ವರ್‌ನ ಗುರುತು ಸಾಬೀತು ಮಾಡುವ ಸರ್ಟಿಫಿಕೇಟ್ ಆ ಹೆಸರಿಗೆ ಬರೆದದ್ದು, ಸಂಖ್ಯೆ ಹಾಕಿದರೆ ತಾಳೆಯಾಗುವುದಿಲ್ಲ. ಆಗ ಕೆಲವರು "ಸರ್ಟಿಫಿಕೇಟ್ ಪರೀಕ್ಷೆ ಬೇಡ" ಎಂಬ ಗುಂಡಿ ಒತ್ತಿ ಮುಂದೆ ಹೋಗುತ್ತಾರೆ. ಹಾಗೆ ಮಾಡಿದರೆ ದಾರಿಯಲ್ಲಿ ನಿಂತ ಯಾರಿಗಾದರೂ ನಿಮ್ಮ ಪಾಸ್‌ವರ್ಡ್ ಸಿಗಬಹುದು.

ಪೋರ್ಟ್ ಮತ್ತು ಎನ್‌ಕ್ರಿಪ್ಶನ್ (ಬೇರೆಯವರು ಓದದಂತೆ ಹಾಕುವ ಬೀಗ) ಜೋಡಿಯಾಗಿ ಹೋಗಬೇಕು. 587 ಆದರೆ ಸ್ಟಾರ್ಟ್‌ಟಿಎಲ್‌ಎಸ್: ಮಾತು ಸಾದಾ ಆಗಿ ಶುರುವಾಗಿ, ಆಮೇಲೆ ಬೀಗ ಬೀಳುತ್ತದೆ. 465 ಆದರೆ ಎಸ್‌ಎಸ್‌ಎಲ್ ಅಥವಾ ಟಿಎಲ್‌ಎಸ್: ಮೊದಲ ಅಕ್ಷರದಿಂದಲೇ ಬೀಗ. 465 ಹಳೆಯದು, ಬಳಸಬಾರದು ಎಂದು ಹಳೆಯ ಲೇಖನಗಳಲ್ಲಿ ಓದಿರಬಹುದು. ಅದನ್ನು ಒಮ್ಮೆ ಕೈಬಿಟ್ಟಿದ್ದು ನಿಜ, ಆದರೆ 2018ರಲ್ಲಿ ಬಂದ ಹೊಸ ಮಾನದಂಡ ಅದನ್ನು ಮತ್ತೆ ಶಿಫಾರಸು ಮಾಡಿದೆ. ಎರಡರಲ್ಲಿ ಯಾವುದಾದರೂ ಸರಿ. 25 ಇರುವುದು ಸರ್ವರ್ ಸರ್ವರ್ ನಡುವಿನ ಮಾತಿಗೆ, ಸಾಫ್ಟ್‌ವೇರ್‌ನಲ್ಲಿ ಅದನ್ನು ಹಾಕಬೇಡಿ.

ಜೋಡಿ ತಪ್ಪಿದರೆ ಹೇಗೆ ಗೊತ್ತಾಗುತ್ತದೆ? 587ಕ್ಕೆ ಎಸ್‌ಎಸ್‌ಎಲ್ ಹಾಕಿದರೆ "ರಾಂಗ್ ವರ್ಷನ್ ನಂಬರ್" ಎಂಬ ದೋಷ ಬರುತ್ತದೆ. ವರ್ಷನ್‌ಗೂ ಇದಕ್ಕೂ ಸಂಬಂಧವಿಲ್ಲ, ಪೋರ್ಟ್ ತಪ್ಪು ಅಷ್ಟೇ. 465ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಹಾಕಿದರೆ ಯಾವ ದೋಷವೂ ಇಲ್ಲದೆ ಪರದೆ ತಿರುಗುತ್ತಾ ಕೂತು, ಕೊನೆಗೆ ಟೈಮ್‌ಔಟ್ ಆಗುತ್ತದೆ. ಎರಡು ಕಡೆಯೂ "ನೀನು ಮೊದಲು ಮಾತಾಡು" ಎಂದು ಕಾಯುತ್ತಿರುತ್ತವೆ.

ಯೂಸರ್‌ನೇಮ್ ಹೆಚ್ಚಾಗಿ ಪೂರ್ತಿ ಇಮೇಲ್ ವಿಳಾಸ. ಎಲ್ಲ ಕಡೆ ಅಲ್ಲ. ಸೆಂಡ್‌ಗ್ರಿಡ್‌ನಲ್ಲಿ ಎಲ್ಲರ ಯೂಸರ್‌ನೇಮೂ "ಎಪಿಐಕೀ" (apikey) ಎಂಬ ಒಂದೇ ಪದ, ಪಾಸ್‌ವರ್ಡ್ ಜಾಗದಲ್ಲಿ ನಿಮ್ಮ ಕೀಲಿ. ಎಸ್‌ಇಎಸ್‌ನಲ್ಲಿ ಎಸ್‌ಎಂಟಿಪಿಗೆಂದೇ ಬೇರೆ ಯೂಸರ್‌ನೇಮ್, ಪಾಸ್‌ವರ್ಡ್ ಹುಟ್ಟಿಸಬೇಕು. ಗೂಗಲ್ ಖಾತೆಯಲ್ಲಿ ದಿನಾ ಬಳಸುವ ಪಾಸ್‌ವರ್ಡ್ ನಡೆಯುವುದಿಲ್ಲ. ಎರಡು ಹಂತದ ದೃಢೀಕರಣ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಬೇಕು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಓಆತ್ (ಪಾಸ್‌ವರ್ಡ್ ಕೊಡದೆ, ಗೂಗಲ್ ಅಥವಾ ಮೈಕ್ರೋಸಾಫ್ಟ್ ಪುಟದಲ್ಲೇ ಅನುಮತಿ ಕೊಡುವ ವಿಧಾನ) ಮೂಲಕ ಸೇರುವ ಸೌಲಭ್ಯವಿದ್ದರೆ ಅದನ್ನೇ ಬಳಸಿ. ಪಾಸ್‌ವರ್ಡನ್ನು ಎಲ್ಲೂ ಬರೆದಿಡುವ ಪ್ರಮೇಯವೇ ಬರುವುದಿಲ್ಲ. ಮೈಕ್ರೋಸಾಫ್ಟ್ ಕೂಡ ಎಲ್ಲರನ್ನೂ ಆ ಕಡೆಗೇ ಸಾಗಿಸುತ್ತಿದೆ.

ಒಂದು ಕಡೆ ನಿಂತು ಯೋಚಿಸಿ. ಸಾಫ್ಟ್‌ವೇರ್‌ನಲ್ಲಿ ಹತ್ತು ಜನ ಬಳಕೆದಾರರಿದ್ದಾರೆ, ಲಾಗಿನ್ ಮಾತ್ರ ಒಂದೇ ಖಾತೆಯದು. ಪ್ರತಿಯೊಬ್ಬರೂ ತಮ್ಮ ವಿಳಾಸದಿಂದ ಕೊಟೇಶನ್ ಕಳಿಸಲು ಹೋದರೆ ಮೈಕ್ರೋಸಾಫ್ಟ್ 365 "ಸೆಂಡ್ ಆ್ಯಸ್ ಡಿನೈಡ್" ಎಂದು ವಾಪಸ್ ಕಳಿಸುತ್ತದೆ. ಇನ್ನೊಬ್ಬರ ಹೆಸರಿನಲ್ಲಿ ಕಳಿಸಲು ಆ ಖಾತೆಗೆ ಹಕ್ಕಿಲ್ಲ. ಇಆರ್‌ಪಿನೆಕ್ಸ್ಟ್‌ನಲ್ಲಿ ಯಾವಾಗಲೂ ಖಾತೆಯ ವಿಳಾಸವನ್ನೇ ಕಳಿಸುವವರಾಗಿ ಬಳಸುವ ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿ. ಓಡೂದಲ್ಲಿ ಫ್ರಮ್ ಫಿಲ್ಟರಿಂಗ್ ಎಂಬ ಖಾನೆಯಿದೆ. ಈ ಸರ್ವರ್ ಯಾವ ಡೊಮೇನ್‌ನ ಅಥವಾ ಯಾವ ವಿಳಾಸದ ಮೇಲ್‌ಗೆ ಎಂದು ಅಲ್ಲಿ ಬರೆಯಬೇಕು. ಒಂದಕ್ಕಿಂತ ಹೆಚ್ಚು ಸರ್ವರ್ ಇದ್ದರೆ ಅಲ್ಲಿ ಪ್ರಯಾರಿಟಿ ಸಂಖ್ಯೆ ಚಿಕ್ಕದಿದ್ದದ್ದೇ ಮೊದಲು.

ಹೆಜ್ಜೆ 5: ನಿಜವಾದ ಪರೀಕ್ಷೆ

ಟೆಸ್ಟ್ ಕನೆಕ್ಷನ್ ಗುಂಡಿ ಹಸಿರಾದರೆ ಲಾಗಿನ್ ಸರಿ ಎಂದಷ್ಟೇ ಅರ್ಥ. ಒಂದು ಇನ್‌ವಾಯ್ಸನ್ನು ಪಿಡಿಎಫ್ ಸಮೇತ, ಗ್ರಾಹಕರಿಗೆ ಕಳಿಸುವ ಹಾಗೇ, ಜಿಮೇಲ್ ಒಂದಕ್ಕೆ, ಔಟ್‌ಲುಕ್ ಒಂದಕ್ಕೆ, ಬೇರೆ ಕಂಪನಿಯಲ್ಲಿರುವ ಸ್ನೇಹಿತರೊಬ್ಬರಿಗೆ ಕಳಿಸಿ. ನಿಮ್ಮದೇ ಡೊಮೇನ್‌ನ ಪೆಟ್ಟಿಗೆಗೆ ಕಳಿಸಿ ತೃಪ್ತಿಪಡಬೇಡಿ, ಮನೆಯೊಳಗಿನ ಮೇಲ್‌ಗೆ ಅಷ್ಟು ತಪಾಸಣೆ ಇರುವುದಿಲ್ಲ.

ಜಿಮೇಲ್‌ನಲ್ಲಿ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, ಶೋ ಒರಿಜಿನಲ್ ಆರಿಸಿ. ಮೇಲೆಯೇ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ಪಾಸ್ ಎಂದಿರಬೇಕು. ಡಿಕಿಮ್ ಸಾಲಿನಲ್ಲಿ ಬರೆದ ಡೊಮೇನ್ ನಿಮ್ಮದೇ ಇದೆಯಾ ನೋಡಿ. ಕಳಿಸಿದವರ ಹೆಸರಿನ ಪಕ್ಕ "ವಯಾ" ಎಂದು ಬೇರೆ ಹೆಸರು ಕಂಡರೆ ಎರಡು "ಇಂದ"ಗಳು ಇನ್ನೂ ಹೊಂದಿಲ್ಲ, ಮೂರನೇ ಹೆಜ್ಜೆಗೆ ವಾಪಸ್ ಹೋಗಿ.

ಆಮೇಲೆ ಆ ಮೇಲ್‌ಗೆ ಉತ್ತರ ಬರೆಯಿರಿ, ಎಲ್ಲಿ ಬರುತ್ತದೆ ನೋಡಿ. ಕೊನೆಗೆ, ಇಲ್ಲದ ವಿಳಾಸಕ್ಕೆ ಬೇಕೆಂದೇ ಒಂದು ಕಳಿಸಿ. ವಾಪಸ್ ಬಂದ ಸುದ್ದಿ ಯಾರ ಪೆಟ್ಟಿಗೆಗೆ ಬಂತು? ಯಾರಿಗೂ ಬರದಿದ್ದರೆ, ನಾಳೆ ಗ್ರಾಹಕರ ವಿಳಾಸದಲ್ಲಿ ಒಂದಕ್ಷರ ತಪ್ಪಿದರೂ ನಿಮಗೆ ಗೊತ್ತಾಗುವುದಿಲ್ಲ. ನಾನು ಆರು ವಾರ ಕಳೆದುಕೊಂಡದ್ದು ಈ ಬಗೆಯ ಕುರುಡಿನಲ್ಲೇ.

ದೋಷ ಬಂದರೆ

ಸರ್ವರ್ ಕೊಟ್ಟ ಉತ್ತರದಲ್ಲಿ ಒಂದು ಸಂಖ್ಯೆ ಇರುತ್ತದೆ, ಅದರ ಮೊದಲ ಅಂಕಿ ನೋಡಿ. 4 ಇದ್ದರೆ "ಈಗ ಬೇಡ, ಆಮೇಲೆ ಬಾ", ಕಳಿಸುವ ಸರ್ವರ್ ತಾನೇ ಮತ್ತೆ ಪ್ರಯತ್ನಿಸುತ್ತದೆ. 5 ಇದ್ದರೆ "ಆಗುವುದಿಲ್ಲ", ಮತ್ತೆ ಮತ್ತೆ ಕಳಿಸಿ ಪ್ರಯೋಜನವಿಲ್ಲ. 535 ಬಂದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು. 530 ಬಂದರೆ ಬೀಗ ಹಾಕದೆ ಅಥವಾ ಲಾಗಿನ್ ಆಗದೆ ಕಳಿಸಲು ಹೋಗಿದ್ದೀರಿ. 550ರ ಜೊತೆ 5.1.1 ಇದ್ದರೆ ಆ ವಿಳಾಸವೇ ಇಲ್ಲ. 550ರ ಜೊತೆ 5.7ರಿಂದ ಶುರುವಾಗುವ ಸಂಖ್ಯೆ ಇದ್ದರೆ ಅನುಮತಿಯ ತಕರಾರು, ಡಿಎನ್‌ಎಸ್ ದಾಖಲೆ ನೋಡಿ. 552 ಹೆಚ್ಚಾಗಿ ಗಾತ್ರದ್ದು.

ಗಾತ್ರದ ಬಗ್ಗೆ ಒಂದು ಮಾತು. ಅಟ್ಯಾಚ್‌ಮೆಂಟ್‌ಗಳು ಮೇಲ್‌ನಲ್ಲಿ ಹೋಗುವಾಗ ಅಕ್ಷರಗಳಾಗಿ ಬದಲಾಗಿ ಮೂರನೇ ಒಂದು ಭಾಗದಷ್ಟು ಉಬ್ಬುತ್ತವೆ. ಪೋಸ್ಟ್‌ಫಿಕ್ಸ್‌ನ ಮೂಲ ಮಿತಿ ಸುಮಾರು 10 ಎಂಬಿ. 8 ಎಂಬಿ ಕ್ಯಾಟಲಾಗ್ ಸೇರಿಸಿದರೆ ಅದು ದಾಟಿಬಿಡುತ್ತದೆ. ದೊಡ್ಡ ಫೈಲ್‌ಗೆ ಲಿಂಕ್ ಕಳಿಸುವುದೇ ವಾಸಿ.

ದೋಷವೇ ಇಲ್ಲ, ಮೇಲೂ ಹೋಗಿಲ್ಲ ಎಂದಾದರೆ ಸಾಫ್ಟ್‌ವೇರ್‌ನ ಸರದಿ ನೋಡಿ. ಹೆಚ್ಚಿನವು ಮೇಲನ್ನು ಕೂಡಲೇ ಕಳಿಸದೆ ಒಂದು ಸಾಲಿನಲ್ಲಿ ಇಟ್ಟು, ಆಗಾಗ ಎದ್ದು ಕಳಿಸುವ ಕೆಲಸಗಾರ ಪ್ರೋಗ್ರಾಂಗೆ ಬಿಡುತ್ತವೆ. ಆ ಪ್ರೋಗ್ರಾಂ ನಿಂತಿದ್ದರೆ ಮೇಲ್‌ಗಳು ಅಲ್ಲೇ ಕಾಯುತ್ತಿರುತ್ತವೆ. ಇಆರ್‌ಪಿನೆಕ್ಸ್ಟ್‌ನಲ್ಲಿ ಇಮೇಲ್ ಕ್ಯೂ ಎಂದು ಇರುವುದು ಇದೇ. ವಾರಕ್ಕೊಮ್ಮೆ ಅದನ್ನು ತೆರೆದು ನೋಡುವ ಕೆಲಸ ಯಾರಿಗಾದರೂ ಒಬ್ಬರಿಗೆ ವಹಿಸಿ.

ಪ್ರಯೋಗದ ಪ್ರತಿ ಮಾಡುವ ಮುನ್ನ

ಎಲ್ಲ ಸರಿಹೋದ ಮೇಲೆ ಆಗುವ ಅವಘಡ ಇದು. ಹೊಸ ವರ್ಷನ್ ನೋಡೋಣ ಎಂದು ಡೇಟಾಬೇಸ್‌ನ ಪ್ರತಿ ತೆಗೆದು ಬೇರೆ ಯಂತ್ರದಲ್ಲಿ ಎಬ್ಬಿಸುತ್ತೀರಿ. ಅದರೊಳಗೆ ಮೇಲ್ ಸರ್ವರ್ ಸೆಟ್ಟಿಂಗೂ ಇದೆ, ಪಾಸ್‌ವರ್ಡೂ ಇದೆ, ಬಾಕಿ ಹಣ ನೆನಪಿಸುವ ವೇಳಾಪಟ್ಟಿಯೂ ಇದೆ. ಅರ್ಧ ರಾತ್ರಿಯಲ್ಲಿ ಅದು ಎಚ್ಚೆತ್ತು, ಹಣ ಕಟ್ಟಿದ ಗ್ರಾಹಕರಿಗೂ "ಬಾಕಿ ಇದೆ" ಎಂದು ಮೇಲ್ ಕಳಿಸುತ್ತದೆ. ಹಾಗಾಗಿ ಪ್ರತಿಯನ್ನು ಇಂಟರ್ನೆಟ್‌ಗೆ ಬಿಡುವ ಮೊದಲೇ ಮೇಲ್ ಸರ್ವರ್ ತೆಗೆಯಿರಿ. ಓಡೂದ ಹೊಸ ಆವೃತ್ತಿಗಳಲ್ಲಿ ನ್ಯೂಟ್ರಲೈಸ್ ಎಂಬ ಆಯ್ಕೆ ಇದಕ್ಕೇ ಇದೆ. ಬೇರೆ ಕಡೆ, ಮೇಲ್‌ಪಿಟ್‌ನಂಥ ಹುಸಿ ಸರ್ವರ್‌ಗೆ ತಿರುಗಿಸಿ. ಅದು ಎಲ್ಲ ಮೇಲನ್ನೂ ಹಿಡಿದು ತೋರಿಸುತ್ತದೆ, ಒಂದನ್ನೂ ಹೊರಗೆ ಬಿಡುವುದಿಲ್ಲ.

ಬರೆದಿಡುವ ಒಂದು ಹಾಳೆ

ಕೆಲಸ ಮುಗಿದ ದಿನವೇ ಒಂದು ಹಾಳೆ ಬರೆಯಿರಿ, ಎರಡು ದಿನ ಬಿಟ್ಟರೆ ಮರೆಯುತ್ತದೆ. ಯಾವ ಸೇವೆ, ಯಾವ ಪೋರ್ಟ್, ಯಾವ ಖಾತೆ. ಡಿಎನ್‌ಎಸ್ ಪ್ಯಾನೆಲ್‌ಗೆ ಯಾರ ಬಳಿ ಪ್ರವೇಶವಿದೆ. ಡಿಕಿಮ್ ಸೆಲೆಕ್ಟರ್ ಹೆಸರೇನು, ಎಸ್‌ಪಿಎಫ್ ಸಾಲಿನಲ್ಲಿ ಇರುವ ಒಂದೊಂದು ಹೆಸರೂ ಯಾವ ಸಾಫ್ಟ್‌ವೇರ್‌ಗಾಗಿ. ಡಿಮಾರ್ಕ್ ಈಗ ಯಾವ ನೀತಿಯಲ್ಲಿದೆ, ಮುಂದಿನದಕ್ಕೆ ಏರಿಸುವ ತಾರೀಖು ಯಾವುದು. ವಾಪಸ್ ಬಂದ ಮೇಲ್‌ಗಳನ್ನು ನೋಡುವವರು ಯಾರು, ಅವರು ರಜೆಯಲ್ಲಿದ್ದರೆ ಯಾರು. ಪಾಸ್‌ವರ್ಡನ್ನು ಮಾತ್ರ ಆ ಹಾಳೆಯಲ್ಲಿ ಬರೆಯಬೇಡಿ. ಅದು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇರಲಿ, ಎಲ್ಲಿದೆ ಎಂಬುದು ಹಾಳೆಯಲ್ಲಿ ಇರಲಿ.